ಉಳಿದ ನೇರಳೆ ರಸ ಚೆಲ್ಲಬೇಡಿ, ಬೆರಕೆ ಪಾನಕ ಮಾಡಿ

ನೇರಳೆ ಹಣ್ಣು ಬರುವುದೇ ಬೇಸಾಯಗಾರನಿಗೆ ಕೈ ಬಿಡುವಿಲ್ಲದ ಹೊತ್ತಿನಲ್ಲಿ. ಜೂನ್-ಜುಲೈ ಅಂದ್ರೆ ನಮ್ಮ ಶಿರಾ ಸೀಮೆಯಲ್ಲಿ ಒಂದು ಕಡೆ ಕಡಲೆಕಾಯಿ ಬಿತ್ತನೆ, ಇನ್ನೊಂದು ಕಡೆ ರಾಗಿ ಹೊಲ ಹಸನು ಮಾಡುವ ಕೆಲಸ. ಅದೇ ಹೊತ್ತಿಗೆ ಬದುವಿನ ಮರದಿಂದ ದಿನಾ ಮಂಕರಿಗಟ್ಟಲೆ ಹಣ್ಣು ಉದುರುತ್ತದೆ. ಗಾಳಿ ಮಳೆ ಜೋರಾದರೆ ಒಂದೇ ರಾತ್ರಿಗೆ ಮರದಡಿ ನೆಲವೆಲ್ಲ ನೀಲಿ. ಹಣ್ಣು ಕಿತ್ತು ಎರಡು ದಿನ ಇಡುವ ಹಾಗಿಲ್ಲ, ಬಸಿಯುತ್ತದೆ. ಪೇಟೆಗೆ ಸಾಗಿಸಲು ಆಗದವರು ರಸ ತೆಗೆದು ಶರಬತ್ತು ಕಾಯಿಸಿ ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಯಲ್ಲೂ ಹನ್ನೆರಡು ವರ್ಷದಿಂದ ಈ ಕೆಲಸ ನಡೆದಿದೆ.

ಶರಬತ್ತು ಕಾಯಿಸುವುದು ಬಹಳ ಜನಕ್ಕೆ ಗೊತ್ತು. ನಾನು ಬರೆಯುತ್ತಿರುವುದು ಬಾಟಲಿ ತುಂಬಿದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ರಸದ ವಿಚಾರ. ಪ್ರತಿ ಸಲ ಒಂದು ಲೀಟರೋ ಎರಡು ಲೀಟರೋ ಉಳಿದೇ ಉಳಿಯುತ್ತದೆ. ಸಕ್ಕರೆ ಮುಗಿದಿರುತ್ತದೆ, ಬಾಟಲಿ ಸಾಲದೆ ಬರುತ್ತದೆ, ಇಲ್ಲವೇ ಕತ್ತಲಾಗಿರುತ್ತದೆ. "ನಾಳೆ ನೋಡಿದರಾಯ್ತು" ಅಂತ ಮುಚ್ಚಿಟ್ಟರೆ ನಾಳೆಗೆ ಅದು ನೊರೆ ಎದ್ದು ಗೊಬ್ಬರದ ಗುಂಡಿ ಸೇರುತ್ತದೆ. ಹಣ್ಣು ಆರಿಸಿದ ಕೂಲಿ, ಸೌದೆ, ಹೆಂಗಸರ ದುಡಿಮೆ ಎಲ್ಲ ಅದರ ಜೊತೆಗೇ ಹೋಯಿತು.

ಪೇಟೆಯ ಜ್ಯೂಸ್ ಅಂಗಡಿಗಳಲ್ಲಿ ನಾಲ್ಕು ಹಣ್ಣು ಸೇರಿಸಿ ಕೊಡುವುದಕ್ಕೆ ಕಾಕ್‌ಟೇಲ್ ಅನ್ನುತ್ತಾರೆ. ಹೆಸರು ಕೇಳಿ ಹೆಂಡವೇನೋ ಅಂದುಕೊಳ್ಳಬೇಡಿ, ಅದು ಬರೀ ಹಣ್ಣಿನ ರಸವೇ. ನಾವು ಅದಕ್ಕೆ ಬೆರಕೆ ಪಾನಕ ಅನ್ನೋಣ. ಉಳಿದ ರಸಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಒಂದರ ಕೊರತೆ ಇನ್ನೊಂದು ತುಂಬುತ್ತದೆ

ಒಣಭೂಮಿಯವರಿಗೆ ಅಕ್ಕಡಿ ಸಾಲು ಹೊಸದಲ್ಲ. ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತೇವೆ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ. ಹಣ್ಣಿನ ರಸ ಬೆರೆಸುವುದೂ ಹಾಗೇ. ಯಾವ ಹಣ್ಣಿನಲ್ಲಿ ಏನು ಹೆಚ್ಚು, ಏನು ಕಡಿಮೆ ಅಂತ ತಿಳಿದರೆ ಲೆಕ್ಕ ತಾನಾಗಿ ಕೂಡುತ್ತದೆ.

ನೇರಳೆ: ಬಣ್ಣಕ್ಕೆ ಇದನ್ನು ಮೀರಿದ್ದಿಲ್ಲ. ಸಿಹಿ ಸಾಧಾರಣ, ಹುಳಿ ಕಡಿಮೆ, ಒಗರು ಜಾಸ್ತಿ. ನಾಟಿ ಮರದ ಸಣ್ಣ ಹಣ್ಣಿನಲ್ಲಿ ಒಗರು ಇನ್ನೂ ಹೆಚ್ಚು. ಕಸಿ ಗಿಡದ ದಪ್ಪ ಹಣ್ಣಿನಲ್ಲಿ ತಿರುಳು ಹೆಚ್ಚು, ಒಗರು ಸ್ವಲ್ಪ ಕಡಿಮೆ.

ಕವಳೆ: ಕರಂಡೆ ಅನ್ನುವವರೂ ಇದ್ದಾರೆ. ಬೇಲಿಯಲ್ಲಿ, ಗುಡ್ಡದಲ್ಲಿ ನೀರಿಲ್ಲದೆ ಬೆಳೆಯುವ ಮುಳ್ಳಿನ ಗಿಡ. ಹುಳಿ ಬಹಳ, ಸಿಹಿ ಇಲ್ಲ. ಕಾಯಲ್ಲಿ ಹಾಲಿನಂಥ ಅಂಟು ಇರುತ್ತದೆ, ಹಾಗಾಗಿ ಕಪ್ಪಾಗಿ ಮಾಗಿದ ಹಣ್ಣನ್ನೇ ಬಳಸಿ. ರಸವನ್ನು ಬಹಳ ಹೊತ್ತು ಕುದಿಸಬೇಡಿ, ಆರಿದ ಮೇಲೆ ಗಟ್ಟಿಯಾಗಿ ಲೋಳೆಯಾಗುತ್ತದೆ. ಜೆಲ್ಲಿ ಮಾಡುವವರಿಗೆ ಆ ಗುಣ ಬೇಕು, ಪಾನಕಕ್ಕೆ ಬೇಡ.

ಹಿಪ್ಪುನೇರಳೆ: ರೇಷ್ಮೆ ಹುಳಕ್ಕೆ ಸೊಪ್ಪು ಬೆಳೆಯುವವರ ಮನೆಯಲ್ಲಿ ಬೇಲಿಗೋ ಬಾವಿ ಹತ್ತಿರವೋ ಬಿಟ್ಟ ಮರ ಇದ್ದೇ ಇರುತ್ತದೆ. ಹಣ್ಣು ಸಿಹಿ, ಹುಳಿ ಬಹಳ ಕಡಿಮೆ, ಒಗರಿಲ್ಲ. ಹಾಗೇ ಕುಡಿದರೆ ಸಪ್ಪೆ ಅನ್ನಿಸುತ್ತದೆ. ತೋಟಕ್ಕೆ ಔಷಧಿ ಹೊಡೆದಿದ್ದರೆ ಆ ಹಣ್ಣು ಮುಟ್ಟಬೇಡಿ.

ಈಗ ನೀವೇ ಯೋಚಿಸಿ. ನೇರಳೆಗೆ ಹುಳಿ ಬೇಕು, ಕವಳೆಗೆ ಸಿಹಿ ಬೇಕು, ಹಿಪ್ಪುನೇರಳೆಗೆ ಹುಳಿ ಒಗರು ಎರಡೂ ಬೇಕು. ಮೂರೂ ಕೂಡಿದರೆ ಅಂಗಡಿಯ ಬಣ್ಣವೂ ಬೇಡ, ಎಸೆನ್ಸೂ ಬೇಡ. ಕವಳೆ ಸಿಗದವರಿಗೆ ನಿಂಬೆ ಇದೆ, ಹುಣಸೆ ಇದೆ. ಕರಾವಳಿ-ಮಲೆನಾಡಿನ ಓದುಗರು ಕವಳೆ ಜಾಗಕ್ಕೆ ಪುನರ್ಪುಳಿ ಹಾಕಿಕೊಳ್ಳಬಹುದು.

ರಸ ತೆಗೆಯುವಾಗಲೇ ಎಚ್ಚರ

ಉಳಿದ ರಸ ಚೆನ್ನಾಗಿರಬೇಕಾದರೆ ಮೊದಲ ರಸ ಚೆನ್ನಾಗಿರಬೇಕು. ಮರದಡಿ ಹಳೇ ಸೀರೆಯೋ ಟಾರ್ಪಾಲೋ ಹಾಸಿ ಹಣ್ಣು ಉದುರಿಸಿ. ಬಾವಲಿ, ಹಕ್ಕಿ, ಅಳಿಲು ಕಚ್ಚಿದ ಹಣ್ಣನ್ನು ಮುಲಾಜಿಲ್ಲದೆ ಎಸೆಯಿರಿ. 2018ರಲ್ಲಿ ಕೇರಳದ ಕೋಝಿಕ್ಕೋಡು ಕಡೆ ನಿಪಾ ಜ್ವರ ಬಂದಾಗಿನಿಂದ ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ ಅಂತ ವೈದ್ಯರು ಹೇಳುತ್ತಲೇ ಇದ್ದಾರೆ. ನೇರಳೆ ಮರಕ್ಕೆ ಬಾವಲಿ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಹಣ್ಣನ್ನು ಎರಡು ಮೂರು ನೀರಲ್ಲಿ ತೊಳೆದು, ತೊಟ್ಟು ತೆಗೆದು, ಚೆನ್ನಾಗಿ ತೊಳೆದ ಕೈಯಲ್ಲಿ ಹಿಚುಕಿ. ಕೆಜಿ ಹಣ್ಣಿಗೆ ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಕುದಿ ಬರುವುದು ಬೇಡ, ಹಬೆ ಏಳಬೇಕು ಅಷ್ಟೇ. ಹತ್ತು ನಿಮಿಷಕ್ಕೆ ಸಿಪ್ಪೆಯ ಬಣ್ಣವೆಲ್ಲ ರಸಕ್ಕೆ ಇಳಿಯುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ. ನಮ್ಮ ಕೈಯಲ್ಲಿ ಒಂದು ಕೆಜಿ ಹಣ್ಣಿಗೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ರಸ ಬರುತ್ತದೆ. ಉಳಿದ ಚರಟಕ್ಕೆ ಮತ್ತೆ ಎರಡು ಲೋಟ ಬಿಸಿನೀರು ಹಾಕಿ ಹಿಂಡಿದರೆ ತೆಳ್ಳಗಿನ ಎರಡನೇ ರಸ ಸಿಗುತ್ತದೆ. ಇದು ಬಾಟಲಿಗೆ ಆಗದು, ಅವತ್ತಿನ ಪಾನಕಕ್ಕೆ ಬಹಳ ಒಳ್ಳೆಯದು.

ಪಾತ್ರೆ ಸ್ಟೀಲಿನದೇ ಆಗಬೇಕು. ಕಬ್ಬಿಣದ ಬಾಂಡ್ಲಿಯಲ್ಲಿ ಕಾಯಿಸಿದರೆ ಒಗರು ಕಬ್ಬಿಣಕ್ಕೆ ಹತ್ತಿ ರಸ ಮಸಿಯಾಗುತ್ತದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಯ ಲೋಹ ಹುಳಿಗೆ ಕರಗಿ ರಸ ಸೇರುತ್ತದೆ. ಇದ್ಯಾವುದೂ ಬೇಡ.

ನೀರಿನದೂ ಒಂದು ಮಾತಿದೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಈ ನೀರನ್ನು ನೇರಳೆ ರಸಕ್ಕೆ ಸುರಿದರೆ ಕೆಂಪು ಹೋಗಿ ಮಂಕು ನೀಲಿ ಬರುತ್ತದೆ. ನೇರಳೆಯ ಬಣ್ಣದ ಗುಣವೇ ಅದು: ಹುಳಿ ತಾಗಿದರೆ ಕೆಂಪು, ಕ್ಷಾರ ತಾಗಿದರೆ ನೀಲಿ. ಪರೀಕ್ಷೆ ಬೇಕಾದರೆ ಒಂದು ಚಮಚ ರಸಕ್ಕೆ ನಿಂಬೆ ಹನಿ ಹಾಕಿ, ಇನ್ನೊಂದು ಚಮಚಕ್ಕೆ ಚಿಟಿಕೆ ಅಡಿಗೆ ಸೋಡ ಹಾಕಿ. ಮಕ್ಕಳಿಗೂ ಪಾಠ ಆಗುತ್ತದೆ. ಮಳೆನೀರು ಹಿಡಿದು ಕಾಯಿಸಿ ಆರಿಸಿದ್ದರೆ ಅದು ಉತ್ತಮ. ಇಲ್ಲದಿದ್ದರೆ ಶುದ್ಧ ನೀರಿನ ಘಟಕದ ನೀರಾದರೂ ಸರಿ.

ಬೆರೆಸುವ ಕ್ರಮ

ಮೊದಲು ರಸ, ಆಮೇಲೆ ಹುಳಿ, ಅದಾದ ಮೇಲೆ ನೀರು, ಕೊನೆಗೆ ಸಿಹಿ. ಹುಳಿ ಮೊದಲು ಬಿದ್ದರೆ ಬಣ್ಣ ನಿಲ್ಲುತ್ತದೆ. ಸಿಹಿ ಕೊನೆಗೆ ಯಾಕೆ ಅಂದರೆ, ಮೊದಲೇ ಸಕ್ಕರೆ ಸುರಿದವರು ಹುಳಿ ಸಾಲದು ಅಂತ ಮತ್ತೆ ನಿಂಬೆ ಹಿಂಡುತ್ತಾರೆ, ಹುಳಿ ಜಾಸ್ತಿಯಾಯ್ತು ಅಂತ ಮತ್ತೆ ಸಕ್ಕರೆ ಹಾಕುತ್ತಾರೆ. ಖರ್ಚಿಗೆ ಕೊನೆ ಇಲ್ಲ. ಪ್ರತಿ ಬೆರಕೆಗೂ ಒಂದು ಚಿಟಿಕೆ ಉಪ್ಪು ಹಾಕಿ. ಉಪ್ಪು ಬಿದ್ದರೆ ಒಗರು ನಾಲಗೆಗೆ ಅಷ್ಟಾಗಿ ತಟ್ಟುವುದಿಲ್ಲ.

ಬೆಲ್ಲವೋ ಸಕ್ಕರೆಯೋ ಅಂತ ಕೇಳುತ್ತಾರೆ. ಬೆಲ್ಲ ಹಾಕಿದರೆ ರುಚಿ ಚೆನ್ನ, ಬಣ್ಣ ಕಂದು. ನೆಂಟರಿಗೆ ಬಣ್ಣ ಕಾಣಬೇಕು ಅಂದರೆ ಸಕ್ಕರೆ. ಹೊಲದಿಂದ ಬಂದವರಿಗೆ ಬೆಲ್ಲವೇ ಸೈ.

ನಮ್ಮ ಮನೆಯ ಬೆರಕೆಗಳು

ಇಲ್ಲಿ ಲೋಟ ಅಂದರೆ 200 ಮಿಲಿ ಹಿಡಿಯುವುದು.

1. ಹೊಲದ ಪಾನಕ: ನೇರಳೆ ರಸ ಒಂದು ಲೋಟ, ಒಂದು ನಿಂಬೆ, ಜಜ್ಜಿದ ಶುಂಠಿ ಒಂದು ಗೆಣ್ಣು, ನೀರು ಮೂರು ಲೋಟ, ಬೆಲ್ಲದ ಪುಡಿ ಸುಮಾರು 80 ಗ್ರಾಂ, ಉಪ್ಪು. ನಾಲ್ಕು ಜನಕ್ಕೆ ಆಗುತ್ತದೆ. ಬಿತ್ತನೆ ದಿನಗಳಲ್ಲಿ ಮಧ್ಯಾಹ್ನ ಇದನ್ನೇ ಹೊಲಕ್ಕೆ ಒಯ್ಯುತ್ತೇವೆ. ಎರಡನೇ ರಸವಿದ್ದರೆ ನೀರು ಕಡಿಮೆ ಮಾಡಿ.

2. ನೇರಳೆ-ಕವಳೆ: ನೇರಳೆ ಮೂರು ಲೋಟ, ಕವಳೆ ಒಂದು ಲೋಟ, ನೀರು ಎಂಟು ಲೋಟ, ಸಕ್ಕರೆ ಕಾಲು ಕೆಜಿ, ಉಪ್ಪು. ಹನ್ನೆರಡು ಲೋಟ ಬರುತ್ತದೆ. ಬಣ್ಣ ಕಡುಕೆಂಪು. ನಿಂಬೆ ಬೇಡವೇ ಬೇಡ. ಬೀಗರು ಬಂದಾಗ ಇದನ್ನೇ ಮಾಡುತ್ತೇವೆ.

3. ಹಿಪ್ಪುನೇರಳೆ-ಪುದೀನ: ಹಿಪ್ಪುನೇರಳೆ ರಸ ಒಂದು ಲೋಟ, ನಿಂಬೆ ಒಂದು, ಜಜ್ಜಿದ ಪುದೀನ ನಾಲ್ಕೈದು ಎಲೆ, ನೀರು ಎರಡು ಲೋಟ. ಸಕ್ಕರೆ ಎರಡು ಚಮಚ ಸಾಕು. ನೆನೆಸಿದ ಕಾಮಕಸ್ತೂರಿ ಬೀಜ ಒಂದೊಂದು ಚಮಚ ತೇಲಿಬಿಟ್ಟರೆ ಮಕ್ಕಳು ಕೇಳಿ ಕುಡಿಯುತ್ತಾರೆ.

4. ಎಳನೀರು-ನೇರಳೆ: ಒಂದು ಎಳನೀರಿಗೆ ನೇರಳೆ ರಸ ನಾಲ್ಕು ಚಮಚ, ನಿಂಬೆ ಕಾಲು ಹೋಳು. ಸಕ್ಕರೆ ಹಾಕಬೇಡಿ. ಎಳೆ ಗಂಜಿ ಇದ್ದರೆ ಚೂರು ಮಾಡಿ ಹಾಕಿ.

5. ಎರಡು ಬಣ್ಣದ ಲೋಟ: ಕೊನೆ ಕೊನೆಯ ತೋತಾಪುರಿ ಮಾವಿನ ತಿರುಳನ್ನು ಸಕ್ಕರೆ ಹಾಕಿ ಅರೆದು ಲೋಟದ ಅರ್ಧಕ್ಕೆ ಹಾಕಿ. ಅದರ ಮೇಲೆ ಚಮಚದ ಬೆನ್ನಿನ ಮೇಲಿಂದ ಸಿಹಿ ಹಾಕದ, ತೆಳ್ಳಗಿನ ನೇರಳೆ ರಸವನ್ನು ನಿಧಾನಕ್ಕೆ ಇಳಿಸಿ. ಕೆಳಗೆ ಹಳದಿ, ಮೇಲೆ ನೇರಳೆ ಬಣ್ಣ ನಿಲ್ಲುತ್ತದೆ. ಸಕ್ಕರೆ ಇರುವುದು ಭಾರ, ಅದು ಕೆಳಗೆ ಉಳಿಯುತ್ತದೆ. ಇಲ್ಲದ್ದು ಹಗುರ, ಮೇಲೆ ನಿಲ್ಲುತ್ತದೆ. ದೊಡ್ಡ ಹೋಟೆಲಿನವರು ಬಣ್ಣ ಬಣ್ಣದ ಪದರ ಮಾಡುವುದೂ ಹೀಗೇ.

6. ನೇರಳೆ ಮಜ್ಜಿಗೆ: ಹಾಲಿಗೆ ಈ ರಸ ಹಾಕಿದರೆ ಹುಳಿ, ಒಗರು ಸೇರಿ ಒಡೆಯುತ್ತದೆ. ಮಜ್ಜಿಗೆಗೆ ಆ ಭಯ ಇಲ್ಲ. ಎರಡು ಲೋಟ ಮಜ್ಜಿಗೆಗೆ ಕಾಲು ಲೋಟ ರಸ, ಹುರಿದ ಜೀರಿಗೆ ಪುಡಿ, ಉಪ್ಪು. ಸಿಹಿ ಬೇಡದ ಹಿರಿಯರಿಗೆ ಇದು ಹಿಡಿಸುತ್ತದೆ.

7. ಸೋಡಾ ಬೆರಕೆ: ಗೋಲಿ ಸೋಡಾಕ್ಕೆ ಎರಡು ಚಮಚ ನೇರಳೆ ಶರಬತ್ತು, ನಿಂಬೆ, ಉಪ್ಪು. ಈ ಸೋಡಾ ಬೇರೆ, ಅಡಿಗೆ ಸೋಡ ಬೇರೆ. ಇದಕ್ಕೆ ಬಣ್ಣ ಕೆಡುವುದಿಲ್ಲ.

ಉಳಿದದ್ದರಲ್ಲೂ ಉಳಿದರೆ

ಬೆರಕೆ ಮಾಡಿದ್ದನ್ನು ಇಡುವುದು ಬೇಡ, ಅವತ್ತೇ ಕುಡಿದು ಮುಗಿಸಿ. ನೀರು ಸೇರಿದ ಪಾನಕ ಬೇಗ ಕೆಡುತ್ತದೆ. ಇಡುವುದಿದ್ದರೆ ಬೆರೆಸದ ರಸವನ್ನೇ ಇಡಿ. ನಮ್ಮ ಸೊಸೆ ಒಂದು ಸಲ ಕೇಳಿದಳು, "ಮಾವ, ಫ್ರಿಜ್ಜಿದೆಯಲ್ಲ, ಅದರಲ್ಲೇ ಇಟ್ಟರಾಯ್ತಲ್ವಾ?" ಅಂತ. "ಇಡಮ್ಮ, ಆದರೆ ಕರೆಂಟು ನಿನ್ನ ಮಾತು ಕೇಳುತ್ತಾ?" ಅಂದೆ. ಹಳ್ಳಿಯ ಕರೆಂಟು ನಂಬಿ ಹಸಿ ರಸ ಇಡುವ ಹಾಗಿಲ್ಲ. ಫ್ರಿಜ್ಜಿಗೆ ಇಡುವ ಮೊದಲೂ ಕಾಯಿಸಿ ಇಡಬೇಕು. ಕಾಯಿಸಿ ಇಟ್ಟದ್ದನ್ನೂ ನಾವು ಎರಡು ದಿನಕ್ಕಿಂತ ಮುಂದೆ ಬಿಡುವುದಿಲ್ಲ.

ಕಾಯಿಸುವುದು ಅಂದರೆ ಪಾತ್ರೆಯ ಅಂಚಲ್ಲಿ ಸಣ್ಣ ಗುಳ್ಳೆ ಏಳುವಷ್ಟು ಬಿಸಿ ಮಾಡಿ ಐದು ನಿಮಿಷ ಅಲ್ಲೇ ನಿಲ್ಲಿಸುವುದು. ಹಣ್ಣಿನ ಸಿಪ್ಪೆಯ ಮೇಲೆ ಹುಳಿ ಬರಿಸುವ ಸೂಕ್ಷ್ಮಜೀವಿಗಳು ಹುಟ್ಟಿನಿಂದಲೇ ಇರುತ್ತವೆ. ಸಿಹಿ ರಸ, ಬೇಸಿಗೆಯ ಸೆಕೆ ಎರಡೂ ಸಿಕ್ಕರೆ ಒಂದೇ ದಿನಕ್ಕೆ ಕೆಲಸ ಶುರು ಮಾಡುತ್ತವೆ. ಬಿಸಿ ಅವುಗಳನ್ನು ಕೊಲ್ಲುತ್ತದೆ.

ಬಹಳ ದಿನ ಇಡಬೇಕಾದರೆ ಸಕ್ಕರೆಯೇ ಕಾವಲುಗಾರ. ಒಂದು ಲೀಟರ್ ರಸಕ್ಕೆ 1 ಕೆಜಿ 600 ಗ್ರಾಂ ಸಕ್ಕರೆ, ನಾಲ್ಕು ನಿಂಬೆಯ ರಸ. ಸಕ್ಕರೆ ಕರಗಿ ಬಿಸಿಯಾದ ಮೇಲೆ ಐದು ನಿಮಿಷ ಕಾಯಿಸಿ ಇಳಿಸಿ. ಆಗ ಒಟ್ಟು ತೂಕದ ನೂರರಲ್ಲಿ ಅರವತ್ತೈದು ಭಾಗ ಸಿಹಿ ನಿಲ್ಲುತ್ತದೆ, ಸಿರಪ್ಪಿನ ಹದ ಇದೇ. ಇದಕ್ಕಿಂತ ಸಕ್ಕರೆ ಕಡಿಮೆ ಮಾಡಿದರೆ ಫ್ರಿಜ್ಜಿನಿಂದ ಹೊರಗೆ ಇಡಬಾರದು. ಗಾಜಿನ ಬಾಟಲಿಗಳನ್ನು ಮೊದಲೇ ನೀರಲ್ಲಿ ಕುದಿಸಿ, ಬಿಸಿ ಇರುವಾಗಲೇ ಹಲಗೆಯ ಮೇಲೆ ನಿಲ್ಲಿಸಿ, ಬಿಸಿ ಸಿರಪ್ಪನ್ನೇ ತುಂಬಿ ಮುಚ್ಚಳ ಹಾಕಿ. ತಣ್ಣನೆ ಕಲ್ಲಿನ ಮೇಲೆ ಇಟ್ಟರೆ ಬಾಟಲಿ ಸೀಳುತ್ತದೆ. ಬಟ್ಟೆ ಹಿಡಿದು ಎರಡು ನಿಮಿಷ ತಲೆಕೆಳಗು ಮಾಡಿದರೆ ಮುಚ್ಚಳದ ಒಳಭಾಗವೂ ಶುದ್ಧವಾಗುತ್ತದೆ. ಬಾಟಲಿ ತೆರೆದ ಮೇಲೆ ಒದ್ದೆ ಚಮಚ ಹಾಕಬೇಡಿ.

ಬೇಸಿಗೆ ಬಂದಾಗ ಲೋಟಕ್ಕೆ ನಾಲ್ಕು ಚಮಚ ಸಿರಪ್ಪು, ಮೇಲೆ ನೀರು. ಕವಳೆಯ ಸಿರಪ್ಪು ಬೇರೆ, ನೇರಳೆಯದು ಬೇರೆ ಇಟ್ಟುಕೊಂಡರೆ ವರ್ಷವಿಡೀ ಬೇಕಾದ ಹಾಗೆ ಬೆರೆಸಬಹುದು.

ಕೆಟ್ಟದ್ದನ್ನು ಗುರುತಿಸುವುದು

ನೊರೆ, ಗುಳ್ಳೆ, ಹೆಂಡದ ವಾಸನೆ, ಉಬ್ಬಿದ ಮುಚ್ಚಳ, ಮೇಲೆ ಬೂಷ್ಟು. ಇವುಗಳಲ್ಲಿ ಯಾವ ಒಂದು ಕಂಡರೂ ಗೊಬ್ಬರದ ಗುಂಡಿಗೆ ಸುರಿಯಿರಿ. ಮತ್ತೆ ಕಾಯಿಸಿ ಉಳಿಸಿಕೊಳ್ಳುವ ಆಸೆ ಬೇಡ, ಬೂಷ್ಟು ಬಿಟ್ಟ ವಿಷ ಕಾಯಿಸಿದರೂ ಹೋಗುವುದಿಲ್ಲ. ಹಸಿ ರಸವನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಹೊರಗಿಡುವುದು ಇನ್ನೂ ಅಪಾಯ. ಒಳಗೆ ಗಾಳಿ ಹುಟ್ಟಿ ಬಾಟಲಿ ಸಿಡಿಯುತ್ತದೆ. ನಮ್ಮ ಪಕ್ಕದ ಊರಿನ ಒಂದು ಮನೆಯಲ್ಲಿ ಅಟ್ಟದ ಮೇಲಿಟ್ಟ ಎರಡು ಬಾಟಲಿ ರಾತ್ರಿ ಸಿಡಿದು ಗಾಜು ಅಡಿಗೆಮನೆ ತುಂಬ ಚೆಲ್ಲಿತ್ತು. ಕೆಳಗೆ ಯಾರೂ ಮಲಗಿರಲಿಲ್ಲ ಅನ್ನುವುದೇ ಪುಣ್ಯ.

ಇನ್ನೊಂದು ತಪ್ಪು ತಿಳಿವಳಿಕೆ ಊರೂರಲ್ಲಿದೆ. ನೇರಳೆ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಶರಬತ್ತನ್ನೇ ಔಷಧಿಯೆಂದು ಕುಡಿಯುತ್ತಾರೆ. ಮೇಲಿನ ಸಿರಪ್ಪಿನ ಲೆಕ್ಕ ನೋಡಿ, ಅದರಲ್ಲಿರುವುದು ಬಹುಪಾಲು ಸಕ್ಕರೆ. ಕಾಯಿಲೆ ಇರುವವರಿಗೆ ಅದು ಸಲ್ಲದು. ಅವರು ವೈದ್ಯರನ್ನು ಕೇಳಿ ನಾಲ್ಕು ಹಣ್ಣು ತಿನ್ನಲಿ, ಇಲ್ಲವೇ ಸಿಹಿಯಿಲ್ಲದ ಮಜ್ಜಿಗೆ ಬೆರಕೆ ಕುಡಿಯಲಿ. ಬೀಜದ ಪುಡಿ ನಂಬಿಕೊಂಡು ಮಾತ್ರೆ ಬಿಡುವುದೂ ಸರಿಯಲ್ಲ.

ಅಂಗಡಿ ಬಾಟಲಿಯ ಜೊತೆ ಹೋಲಿಸಿ

ಕುಡಿಯಲು ಸಿದ್ಧ ಅಂತ ಮಾರುವ ಹಣ್ಣಿನ ಪಾನೀಯಗಳಲ್ಲಿ ನೂರಕ್ಕೆ 10 ಭಾಗ ಹಣ್ಣಿನ ರಸ ಇದ್ದರೆ ಕಾನೂನಿಗೆ ಸಾಕು. ನಿಂಬೆಯದಾದರೆ 5 ಭಾಗವೇ ಸಾಕು. ಅಂದರೆ 200 ಮಿಲಿ ಬಾಟಲಿಯಲ್ಲಿ 20 ಮಿಲಿ ರಸ ಇದ್ದರೂ ನಡೆಯುತ್ತದೆ. ಉಳಿದದ್ದು ನೀರು, ಸಕ್ಕರೆ. ನಮ್ಮ ಹೊಲದ ಪಾನಕದಲ್ಲಿ ನಾಲ್ಕರಲ್ಲಿ ಒಂದು ಪಾಲು ರಸ, ನೂರಕ್ಕೆ 25. ನಮ್ಮ ಮರದ ಹಣ್ಣನ್ನು ನೆಲಕ್ಕೆ ಬಿಟ್ಟು, ಮಕ್ಕಳಿಗೆ ದುಡ್ಡು ಕೊಟ್ಟು ಆ ಬಾಟಲಿ ತರಿಸುತ್ತೇವಲ್ಲ, ಇದನ್ನು ಎಲ್ಲರೂ ಒಂದು ಸಲ ಕೂತು ಲೆಕ್ಕ ಹಾಕಬೇಕು.

ಮಾರುವ ಯೋಚನೆ ಇದ್ದವರಿಗೆ ಒಂದು ಮಾತು. ಮನೆಗೆ ಮಾಡುವುದು ಬೇರೆ, ಮಾರುವುದು ಬೇರೆ. ಹಿಂದೆ 1955ರ ಹಣ್ಣು ಉತ್ಪನ್ನಗಳ ಆದೇಶದಡಿ ಎಫ್‌ಪಿಒ ಪರವಾನಗಿ ಬೇಕಿತ್ತು. ಈಗ ಅದು ಹೋಗಿ 2006ರ ಆಹಾರ ಸುರಕ್ಷತಾ ಕಾಯಿದೆಯಡಿ ನೋಂದಣಿ ಆಗಬೇಕು. ಸಂರಕ್ಷಕ ಪುಡಿ ಬಳಸುವವರು ತರಬೇತಿ ಪಡೆದೇ ಬಳಸಲಿ. ನಿಂಬೆ, ಮಾವಿನ ಸ್ಕ್ವಾಷಿಗೆ ಹಾಕುವ ಕೆಎಂಎಸ್ ಅನ್ನು ನೇರಳೆಗೆ ಹಾಕಿದರೆ ಬಣ್ಣವೇ ಬಿಳಿಚುತ್ತದೆ, ಇಂಥ ಬಣ್ಣದ ರಸಕ್ಕೆ ಸೋಡಿಯಂ ಬೆಂಜೊಯೇಟ್ ಬಳಸುವುದು ರೂಢಿ. ಅಳತೆ ಗ್ರಾಂ ಲೆಕ್ಕದಲ್ಲಿ, ಅಂದಾಜಿನಲ್ಲಿ ಹಾಕುವ ವಸ್ತು ಅಲ್ಲ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮೈಸೂರಿನಲ್ಲಿ 1950ರಿಂದ ಇರುವ ಸಿಎಫ್‌ಟಿಆರ್‌ಐ ಸಂಸ್ಥೆಯ ಕೆಲಸವೇ ಆಹಾರ ಕೆಡದಂತೆ ಕಾಪಾಡುವ ವಿದ್ಯೆ.

ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲ ಅನ್ನುವವರು ಒಂದನ್ನೇ ನೆನಪಿಡಿ. ರಸ ಉಳಿದ ಗಳಿಗೆಯಲ್ಲೇ ತೀರ್ಮಾನ ಮಾಡಿ: ಇವತ್ತು ಕುಡಿಯುವುದೋ, ಕಾಯಿಸಿ ಇಡುವುದೋ. ಮುಚ್ಚಿಟ್ಟು ಮಲಗಬೇಡಿ. ಈ ಮಳೆಗಾಲಕ್ಕೆ ಬೇಲಿಯಲ್ಲಿ ನಾಲ್ಕು ಕವಳೆ ಗಿಡವನ್ನೂ ಊರಿ. ದನ ತಿನ್ನುವುದಿಲ್ಲ, ನೀರು ಕೇಳುವುದಿಲ್ಲ, ನಿಮ್ಮ ನೇರಳೆಗೆ ಬೇಕಾದ ಹುಳಿ ಬೇಲಿಯಲ್ಲೇ ಸಿಗುತ್ತದೆ.